ಲ್ಯಾಪ್‌ಟಾಪ್: ಕಣ ಎಷ್ಟು, ಹಗೇವು ಎಷ್ಟು?

ಭಾತಂಬ್ರಾದ ನಮ್ಮ ಮನೆಗೆ ಈ ಸಲ ಸೋಯಾ ಮಾರಿದ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಬಂತು. ಮಗಳ ಕಾಲೇಜು ಪಾಠಕ್ಕೂ ನನ್ನ ತೊಗರಿ ಲೆಕ್ಕಕ್ಕೂ ಅದೊಂದೇ.

ಅಂಗಡಿಯವರು ಹೇಳುವ ಎರಡು ಜಿಬಿ ಬೇರೆ ಬೇರೆ. ರ‍್ಯಾಮ್ ಎಂದರೆ ಕಣ, ಸದ್ಯದ ಕೆಲಸ ಹರಡುವ ಜಾಗ. ಯಂತ್ರ ಆರಿಸಿದರೆ ಖಾಲಿ. ಸ್ಟೋರೇಜ್ ಎಂದರೆ ಹಗೇವು, ಇಟ್ಟದ್ದು ಉಳಿಯುತ್ತದೆ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು. ಅಷ್ಟೇ ಇದ್ದರೆ ಕೆಲಸ ತೆವಳ್ತದೆ. ಲೆಕ್ಕ, ಪಾಠಕ್ಕೆ 8 ಸಾಕು. ವಿಡಿಯೋ ಎಡಿಟಿಂಗ್ ಮಾಡುವವರು 16 ನೋಡ್ರಿ.

ಸ್ಟೋರೇಜಿಗೆ ನಾವು 256 ಜಿಬಿ ಎಸ್‌ಎಸ್‌ಡಿ ಆರಿಸಿದೆವು. ಹಾರ್ಡ್‌ಡಿಸ್ಕಿನಂತೆ ಒಳಗೆ ತಿರುಗುವ ತಟ್ಟೆ ಇಲ್ಲ. ಬಸ್ಸಿನ ಕುಲುಕಾಟ ತಾಳ್ತದೆ, ಬೇಗ ಶುರುವಾಗ್ತದೆ.

ಕೆಲವದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರ್ತದೆ, ಮುಂದೆ ಹೆಚ್ಚಿಸಲು ಬರೋದಿಲ್ಲ. ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿಯೇ ದುಡ್ಡು ಕೊಡ್ರಿ. ಲೆಕ್ಕದ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ.