ಗುಟ್ಟಿನ ಗಿರಾಕಿಯ ನೂರು ರೂಪಾಯಿ

ಮತ್ತಿಕೆರೆಯಿಂದ ಒಬ್ಬ ವೀಕ್ಷಕಿ ಫೋನ್ ಮಾಡಿದ್ರು. ಮಕ್ಕಳು ಶಾಲೆಗೆ ಹೋದ ಮೇಲೆ ಎರಡು ಮೂರು ಗಂಟೆ ಬಿಡುವಿರತ್ತೆ, 'ಮಿಸ್ಟರಿ ಶಾಪರ್' ಅಂತ ಒಂದು ಕೆಲಸ ಸಿಕ್ಕಿದೆ ಅಂದ್ರು. ಪೆಟ್ರೋಲ್ ಬಂಕ್ ಒಳಗಿನ ಅಂಗಡಿಗೋ, ರಾತ್ರಿಯಿಡೀ ತೆಗೆದಿರೋ ಅಂಗಡಿಗೋ ಮಾಮೂಲಿ ಗಿರಾಕಿ ಥರ ಹೋಗಬೇಕು. ಏನಾದ್ರೂ ಸಣ್ಣದು ಕೊಳ್ಳಬೇಕು. ಮನೆಗೆ ಬಂದು ಅಂಗಡಿ ಹೇಗಿತ್ತು ಅಂತ ವರದಿ ತುಂಬಬೇಕು. ಕೊಂಡದ್ದಕ್ಕೆ ನೂರು ರೂಪಾಯಿ ತನಕ ವಾಪಸ್ ಬರತ್ತೆ, ಮೇಲೆ ಸ್ವಲ್ಪ ಸಂಭಾವನೆ. ಅವರ ಪ್ರಶ್ನೆ ಇಷ್ಟೇ: "ಸಾರ್, ಪ್ರತಿ ಸಲ ಚಿಪ್ಸು, ಚಾಕೊಲೇಟು ತಂದು ತಂದು ಸಾಕಾಯ್ತು. ಆ ನೂರು ರೂಪಾಯಿಗೆ ಏನು ತಗೊಂಡ್ರೆ ಉಪಯೋಗ?"

ನಕ್ಕು ಫೋನ್ ಇಟ್ಟೆ. ಇದನ್ನ ಯಾರಾದ್ರೂ ಸುದ್ದಿ ಅಂತಾರಾ? ಆದರೆ ಪ್ರಶ್ನೆ ತಲೆಯಿಂದ ಇಳೀಲಿಲ್ಲ. ನಾವೆಲ್ಲ ದಿನಾ ಬೆಳಗಾದ್ರೆ ಮೂಲೆ ಅಂಗಡಿಗೆ ಹೋಗೋರೇ. ಹಾಲು, ಬ್ರೆಡ್ಡು, ನೂರು ಗ್ರಾಂ ಜೀರಿಗೆ, ಒಂದು ಸೋಪು. ಯಾವತ್ತಾದ್ರೂ ಗುಟ್ಟಿನ ಗಿರಾಕಿ ಕಣ್ಣಲ್ಲಿ ನೋಡಿದೀವಾ?

ಮೊದಲು ಈ ಕೆಲಸ ಏನು ಅಂತ ಹೇಳಿಬಿಡ್ತೀನಿ. ರಾಜ ಮಾರುವೇಷದಲ್ಲಿ ಊರು ಸುತ್ತಿ ಪ್ರಜೆಗಳ ಕಷ್ಟ ನೋಡ್ತಿದ್ದ ಅನ್ನೋ ಕಥೆ ಅಜ್ಜಿಯಿಂದ ಕೇಳಿದೀರಲ್ಲ, ಅದೇ. ಇಲ್ಲಿ ರಾಜನ ಬದಲು ಕಂಪನಿ, ಪ್ರಜೆಯ ಬದಲು ಅಂಗಡಿ ಸಿಬ್ಬಂದಿ. ಹತ್ತಾರು ಶಾಖೆ ಇರೋ ಕಂಪನಿಗೆ ಪ್ರತಿ ಕೌಂಟರ್ ಮುಂದೆ ಮಾಲೀಕರು ನಿಂತುಕೊಳ್ಳೋಕಾಗಲ್ಲ. ಹಾಗಾಗಿ ಏಜೆನ್ಸಿಗಳ ಮೂಲಕ ನಮ್ಮಂಥವರನ್ನ ಕಳಿಸ್ತಾರೆ. ಬೋರ್ಡ್ ದೀಪ ಉರೀತಿತ್ತಾ, ನೆಲ ಒರೆಸಿತ್ತಾ, ಹುಡುಗ ನಗುನಗ್ತಾ ಮಾತಾಡಿಸಿದ್ನಾ, ಬಿಲ್ ಕೊಟ್ನಾ, ಕೇಳಿದ ಮಾಲು ಇತ್ತಾ. ಅಂಗಡಿಯೊಳಗೆ ನಿಂತು ಬರ್ಕೊಳ್ಳೋ ಹಾಗಿಲ್ಲ, ನೆನಪಲ್ಲಿಟ್ಟುಕೊಂಡು ಬಂದು ಅವತ್ತೇ ತುಂಬಬೇಕು. ತಾರೀಖು, ಸಮಯ ಇರೋ ಬಿಲ್ ಇಲ್ಲದಿದ್ರೆ ದುಡ್ಡು ಬರಲ್ಲ. ಅಮೆರಿಕದಲ್ಲಿ 1940ರ ದಶಕದ ಹೊತ್ತಿಗೇ ಇದು ನಡೀತಿತ್ತು. ನಮ್ಮ ಕಾನೂನು ಮಾಪನಶಾಸ್ತ್ರ ಇಲಾಖೆ, ಅಂದ್ರೆ ತೂಕ ಅಳತೆ ಇಲಾಖೆ ಅಂತ ಜನ ಕರೆಯೋದು, ಅದರ ಇನ್ಸ್‌ಪೆಕ್ಟರ್‌ಗಳೂ ಗಿರಾಕಿ ಥರ ಹೋಗಿ ಕೊಂಡು ನೋಡೋದುಂಟು.

ಇಲ್ಲೊಂದು ಎಚ್ಚರಿಕೆ. ಈ ಹೆಸರಲ್ಲಿ ಮೋಸವೂ ನಡೆಯತ್ತೆ. "ರಿಜಿಸ್ಟ್ರೇಷನ್‌ಗೆ ಐನೂರು ಕಟ್ಟಿ", "ಮೊದಲು ನೀವು ದುಡ್ಡು ಹಾಕಿ, ಟಾಸ್ಕ್ ಮುಗಿಸಿದ್ರೆ ಡಬಲ್" ಅಂತ ವಾಟ್ಸಾಪ್‌ನಲ್ಲಿ ಬಂದ್ರೆ ಅದು ಕೆಲಸ ಅಲ್ಲ, ಬಲೆ. ಕೆಲಸ ಕೊಡೋರು ದುಡ್ಡು ಕೇಳಲ್ಲ. ಆಗಲೇ ಕಳಕೊಂಡಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸರಿ, ನೂರು ರೂಪಾಯಿ ಜೇಬಲ್ಲಿಟ್ಟುಕೊಂಡು ನಾನೇ ಮತ್ತಿಕೆರೆಗೆ ಹೋದೆ. ಆ ಕಡೆಯವರಿಗೆ ಗೊತ್ತು, ಒಂದು ಪಕ್ಕ ರಾಮಯ್ಯ ಆಸ್ಪತ್ರೆ, ಕಾಲೇಜು, ಬೀದಿಗೊಂದು ಪಿಜಿ. ಇನ್ನೊಂದು ಪಕ್ಕ ಯಶವಂತಪುರದ ಮಾರ್ಕೆಟ್ಟು. ರೋಗಿಯ ಕಡೆಯವರು, ಹಾಸ್ಟೆಲ್ ಹುಡುಗರು, ದಿನಗೂಲಿಯವರು, ಜೆ.ಪಿ. ಪಾರ್ಕ್ ಸುತ್ತಿ ಬರೋ ರಿಟೈರ್ಡ್ ಹಿರಿಯರು, ಎಲ್ಲರಿಗೂ ಸಣ್ಣ ಸಣ್ಣ ವ್ಯಾಪಾರವೇ ಬೇಕು. ಒಂದು ಅಂಗಡಿ ಮುಂದೆ ನಿಂತೆ. ನನ್ನ ಮುಂದಿದ್ದ ಹೆಂಗಸು ಅರ್ಧ ಲೀಟರ್ ಹಾಲು ತಗೊಂಡ್ರು. ಪ್ಯಾಕೆಟ್ ಮೇಲಿದ್ದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಟ್ರು. ಮುಂದಿನ ಪ್ಯಾಕೆಟ್ ನನ್ನದು. ಅಂಗಡಿಯವರು ಮುಖ ನೋಡಿದ್ರು. "ಓ, ಟೀವಿ ಸಾರ್! ಬನ್ನಿ ಬನ್ನಿ." ನನಗೆ ಪ್ಯಾಕೆಟ್ ಮೇಲಿನ ಬೆಲೆ. ಅಷ್ಟೇ ಅಲ್ಲ, ಒಂದು ಕವರ್ ಫ್ರೀ!

ಗುಟ್ಟಿನ ಗಿರಾಕಿ ಯಾಕೆ ಗುಟ್ಟಾಗಿರಬೇಕು ಅಂತ ಆಗ ಅರ್ಥವಾಯ್ತು.

ಆ ಹೆಂಗಸನ್ನ ರಸ್ತೆಯಲ್ಲಿ ನಿಲ್ಲಿಸಿ ಕೇಳಿದೆ, "ಯಾಕಮ್ಮ, ಒಂದು ರೂಪಾಯಿ ಜಾಸ್ತಿ ಯಾಕೆ ಕೊಟ್ರಿ?" ಅವರು ನನ್ನನ್ನೇ ಪಾಪ ಅನ್ನೋ ಥರ ನೋಡಿದ್ರು. "ಕೂಲಿಂಗ್ ಚಾರ್ಜ್ ಸಾರ್. ಎಲ್ರೂ ಕೊಡ್ತಾರೆ. ತಿಂಗಳ ಕೊನೇಲಿ ನಂಗೆ ಸಾಲ ಬರ್ಕೊಳ್ಳೋರು ಅವರೇ ಅಲ್ವಾ?" ಹಾಲು ಹಿಡ್ಕೊಂಡು ಹೊರಟೇಬಿಟ್ರು.

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನು ಮಾತ್ರ ಸ್ಪಷ್ಟವಾಗಿದೆ. ಎಂಆರ್‌ಪಿ ಅಂದ್ರೆ ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ. ಫ್ರಿಜ್‌ನಲ್ಲಿಟ್ಟೆ, ಕರೆಂಟ್ ಬಿಲ್ ಬಂತು ಅಂತ ಅದರ ಮೇಲೆ ಹಾಕೋ ಹಾಗಿಲ್ಲ. ಕೂತು ತಿನ್ನೋ ಹೋಟೆಲ್ ಬೇರೆ. ಅಲ್ಲಿ ನೀರಿನ ಬಾಟಲಿಗೆ ಹೆಚ್ಚು ತಗೋಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಯಾಕಂದ್ರೆ ಅಲ್ಲಿ ಸೇವೆಯೂ ಸೇರಿರತ್ತೆ. ಅಂಗಡಿ ಕೌಂಟರ್‌ಗೆ ಆ ವಿನಾಯಿತಿ ಇಲ್ಲ. ಅಂಗಡಿಯವರ ಕಡೆಯೂ ಒಂದು ಮಾತಿದೆ. ಹಾಲಿನಲ್ಲಿ ಉಳಿಯೋದು ತೀರಾ ಕಡಿಮೆ, ಒಡೆದ ಪ್ಯಾಕೆಟ್ ಅವರ ತಲೆಗೇ, ಬೆಳಗಿನ ಜಾವ ಏಳೋದು ಬೇರೆ. ಅದನ್ನ ಅವರು ಡೇರಿ ಜೊತೆ ಜಗಳ ಆಡಿ ಕಮಿಷನ್‌ನಲ್ಲಿ ಕೇಳಬೇಕೇ ಹೊರತು, ಸಾಲದ ಪುಸ್ತಕದಲ್ಲಿ ಹೆಸರಿರೋ ಹೆಂಗಸಿನ ಹತ್ತಿರ ವಸೂಲಿ ಮಾಡಬಾರದು. ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ 365. ಎರಡು ಪ್ಯಾಕೆಟ್ ಆದ್ರೆ 730. ತಿಂಗಳಿಗೊಮ್ಮೆ ದೊಡ್ಡ ಅಂಗಡಿಗೆ ಕಾರಲ್ಲಿ ಹೋಗೋರು ಇದನ್ನ ಕಟ್ಟಲ್ಲ. ದಿನಾ ಚಿಲ್ಲರೆ ಕೊಳ್ಳೋರೇ ಕಟ್ಟೋದು.

ಹಾಗಾಗಿ ನನ್ನ ಮೊದಲ ಶಿಫಾರಸು ಹಾಲು. ಮನೆಗೆ ಬೇಕೇ ಬೇಕು, ವ್ಯರ್ಥ ಆಗಲ್ಲ. ಅದನ್ನ ಕೊಂಡ ಕೂಡಲೇ ಅಂಗಡಿ ಎಂಆರ್‌ಪಿ ಪಾಲಿಸತ್ತಾ ಅಂತ ಗೊತ್ತಾಗತ್ತೆ. ಗುಟ್ಟಿನ ಗಿರಾಕಿ ಕೊಳ್ಳೋ ವಸ್ತು ಹೀಗಿರಬೇಕು ನೋಡಿ: ಅಡುಗೆಮನೆಗೂ ಆಗಬೇಕು, ಅಂಗಡಿಗೊಂದು ಪ್ರಶ್ನೆಯನ್ನೂ ಕೇಳಬೇಕು. ಚಾಕೊಲೇಟ್ ಯಾವ ಪ್ರಶ್ನೆಯನ್ನೂ ಕೇಳಲ್ಲ.

ಹಾಲು ಕೊಳ್ಳುವಾಗ ಅಳತೆಯನ್ನೂ ಓದಿ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 50 ಮಿಲಿಲೀಟರ್ ಸೇರಿಸಿ 2 ರೂಪಾಯಿ ಏರಿಸಿದ್ರು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿಲೀಟರ್ ವಾಪಸ್ ಹೋಯ್ತು, ಲೀಟರಿಗೆ 4 ರೂಪಾಯಿ ಏರಿತು. ಎರಡೂ ಸಲ ಬಹಿರಂಗವಾಗಿ ಘೋಷಣೆ ಮಾಡಿಯೇ ಮಾಡಿದ್ರು, ಗುಟ್ಟೇನಿಲ್ಲ. ಆದರೂ ನಿಮ್ಮಲ್ಲಿ ಎಷ್ಟು ಜನ ಪ್ಯಾಕೆಟ್ ಮೇಲಿನ ಮಿಲಿಲೀಟರ್ ಓದಿದ್ರಿ? ನಾನಂತೂ ಸುದ್ದಿ ಓದಿದ್ದೆ, ಪ್ಯಾಕೆಟ್ ಓದಿರಲಿಲ್ಲ.

ಎರಡನೇದು ನೂರು ಗ್ರಾಂ ಜೀರಿಗೆ, ಬಿಡಿಯಾಗಿ ತೂಗಿಸಿಕೊಂಡು. ಈ ಸಲ ನಾನು ಹೋಗಲಿಲ್ಲ, ನಮ್ಮ ಡೆಸ್ಕ್‌ನ ಹುಡುಗಿಯನ್ನ ಕಳಿಸಿದೆ. ತಕ್ಕಡಿ ಗಿರಾಕಿ ಕಡೆ ಮುಖ ಮಾಡಿತ್ತಾ? ಇಡೋ ಮೊದಲು ಸೊನ್ನೆ ತೋರಿಸ್ತಿತ್ತಾ? ಇಲಾಖೆಯ ಮುದ್ರೆ ಇತ್ತಾ? ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಮುದ್ರೆ ಹಾಕಿಸಬೇಕು ಅನ್ನೋದು ನಿಯಮ, ಪ್ರಮಾಣಪತ್ರ ಅಂಗಡಿಯಲ್ಲಿ ಕಾಣೋ ಹಾಗಿರಬೇಕು. ಅವಳು ಒಂದು ಜಾಣತನ ಮಾಡಿದ್ಲು. ಒಂದು ಕೆಜಿ ಉಪ್ಪಿನ ಪೊಟ್ಟಣವನ್ನೂ ತಗೊಂಡು, "ಅಣ್ಣ, ಇದನ್ನೂ ಸುಮ್ನೆ ಇಡಿ" ಅಂದ್ಲು. ಕಂಪನಿಯವರು ಮುಚ್ಚಿ ಕಳಿಸಿದ ಉಪ್ಪು, ಕವರ್ ಸೇರಿ ಒಂದು ಕೆಜಿಗಿಂತ ನಾಲ್ಕಾರು ಗ್ರಾಂ ಹೆಚ್ಚು ತೋರಿಸಿದ್ರೆ ಸಹಜ. ಸಾವಿರದ ಐವತ್ತು, ಅರವತ್ತು ಅಂದ್ರೆ ತಕ್ಕಡಿ ಉದಾರಿ ಅಂತ ಖುಷಿಪಡಬೇಡಿ. ಆ ತಕ್ಕಡಿಯ ಕೆಜಿಯಲ್ಲಿ ನಿಮಗೆ ಅಷ್ಟು ಗ್ರಾಂ ಕಡಿಮೆ ಬರ್ತಿದೆ ಅಂತ ಅನುಮಾನ ಪಡಬೇಕು. ಇವಳ ಅಂಗಡಿಯ ತಕ್ಕಡಿ 1,004 ತೋರಿಸಿತಂತೆ. ಭೇಷ್! ಅದೇ ಅಂಗಡಿಯಲ್ಲಿ ಮೊದಲೇ ಕಟ್ಟಿ ನೇತುಹಾಕಿದ ಬೇಳೆ, ಗಸಗಸೆ ಕವರ್‌ಗಳ ಮೇಲೆ ಮಾತ್ರ ಹೆಸರು, ತೂಕ, ತಾರೀಖು ಒಂದೂ ಇರಲಿಲ್ಲ. ಗಿರಾಕಿ ಎದುರಿಗಿಲ್ಲದಾಗ ಕಟ್ಟಿಟ್ಟ ಪೊಟ್ಟಣಕ್ಕೂ ಅದೆಲ್ಲ ಬರೀಬೇಕು, 2011ರ ಪೊಟ್ಟಣ ನಿಯಮಗಳೇ ಹಾಗೆ ಹೇಳತ್ತೆ.

ಮೂರನೇದು ಬ್ರೆಡ್. ಅಂಗಡಿ ಹಳೇ ಮಾಲನ್ನ ಏನು ಮಾಡತ್ತೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೇದಿಲ್ಲ. ಮುಂದಿನ ಪೌಂಡು, ಹಿಂದಿನ ಪೌಂಡು ಎರಡನ್ನೂ ತೆಗೆದು ತಾರೀಖು ನೋಡಿ. ಹಳೇದು ಮುಂದೆ ಇಡೋದು ವ್ಯಾಪಾರದ ಪದ್ಧತಿ, ತಪ್ಪಲ್ಲ. ಅವಧಿ ಮೀರಿದ್ದು ಇಡೋದು ತಪ್ಪು. 'ಬೆಸ್ಟ್ ಬಿಫೋರ್' ಅಂದ್ರೆ ಆ ದಿನದ ತನಕ ರುಚಿ, ಗುಣ ಚೆನ್ನಾಗಿರತ್ತೆ ಅಂತ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಅಂದ್ರೆ ಆಮೇಲೆ ತಿನ್ನಲೇಬೇಡಿ ಅಂತ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದೆಯಾ ಅಂತಲೂ ಕಣ್ಣು ಹಾಯಿಸಿ.

ಇನ್ನು ಐದು, ಹತ್ತು ರೂಪಾಯಿ ಪ್ಯಾಕೆಟ್‌ಗಳು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಬಡವರ ದುಡ್ಡು ಹೆಚ್ಚು ಸೋರೋದು ಇಲ್ಲೇ. ಮೊದಲು ಬಿಸ್ಕತ್, ಚಹಾಪುಡಿ, ಸೋಪು ಇಂಥ ಹಲವು ವಸ್ತುಗಳನ್ನ ಗೊತ್ತುಪಡಿಸಿದ ತೂಕದಲ್ಲೇ ಮಾರಬೇಕಿತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದ್ರು. ಈಗ ಕಂಪನಿ ಬೆಲೆಯನ್ನ ಹತ್ತು ರೂಪಾಯಿಗೇ ನಿಲ್ಲಿಸಿ, ಒಳಗಿನ ಗ್ರಾಂ ತನಗೆ ಬೇಕಾದ ಹಾಗೆ ಇಳಿಸಬಹುದು. ಬೆಲೆ ಏರಿದ್ರೆ ನಮ್ಮಂಥೋರು ಸ್ಟುಡಿಯೋದಲ್ಲಿ ಕೂಗಾಡ್ತೀವಿ, ಗ್ರಾಂ ಇಳಿದ್ರೆ ಯಾರಿಗೂ ಕೇಳಲ್ಲ. ಇದಕ್ಕೆ ಬದಲಾಗಿ ಸರ್ಕಾರ ಕೊಟ್ಟದ್ದು 'ಯೂನಿಟ್ ಸೇಲ್ ಪ್ರೈಸ್'. ಒಂದು ಕೆಜಿಗಿಂತ ಕಡಿಮೆ ಇರೋ ಪೊಟ್ಟಣಕ್ಕೆ ಗ್ರಾಂಗೆ ಎಷ್ಟು, ಹೆಚ್ಚಿರೋದಕ್ಕೆ ಕೆಜಿಗೆ ಎಷ್ಟು ಅಂತ ಅಚ್ಚು ಹಾಕಬೇಕು. ಎಂಆರ್‌ಪಿ ಹತ್ತಿರವೇ ಇರತ್ತೆ, ಸಣ್ಣ ಅಕ್ಷರದಲ್ಲಿ, ಕನ್ನಡಕ ಬೇಕಾಗಬಹುದು!

ಒಂದು ಲೆಕ್ಕ ಹಾಕೋಣ. ಹತ್ತು ರೂಪಾಯಿಗೆ 40 ಗ್ರಾಂ ಅಂದ್ರೆ ಗ್ರಾಂಗೆ 25 ಪೈಸೆ. ಅದೇ ಮಾಲು 45 ರೂಪಾಯಿಗೆ 200 ಗ್ರಾಂ ಅಂದ್ರೆ ಇಪ್ಪತ್ತೆರಡೂವರೆ ಪೈಸೆ. ದೊಡ್ಡದೇ ಲಾಭ ಅಂತ ಅಂದುಕೊಂಡ್ರಾ? ಶಾಂಪೂ ಹತ್ತಿರ ಹೋಗಿ. ನಮ್ಮ ದೇಶದಲ್ಲಿ ಒಂದು, ಎರಡು ರೂಪಾಯಿಯ ಸ್ಯಾಶೆ ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಅಗ್ಗ ಬೀಳತ್ತೆ. ಬಾಟಲಿ ಕೊಳ್ಳೋ ಮಧ್ಯಮ ವರ್ಗದವರು ಒಮ್ಮೆ ಮಿಲಿಲೀಟರ್ ಲೆಕ್ಕ ಹಾಕಿ ನೋಡಿ, ಆಮೇಲೆ ನನ್ನನ್ನ ಬೈಬೇಡಿ.

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್, ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳೀತಲ್ಲ, ಆಗಲೂ ಪ್ರಶ್ನೆ ಬಂದದ್ದು ಐದು ರೂಪಾಯಿ ಪ್ಯಾಕೆಟ್‌ನದ್ದೇ. ನಾಲ್ಕು ರೂಪಾಯಿ ನಲವತ್ತೈದು ಪೈಸೆ ಅಂದ್ರೆ ಚಿಲ್ಲರೆ ಎಲ್ಲಿಂದ ತರೋದು? ಹಾಗಾಗಿ ಬೆಲೆ ಇಳಿಸೋ ಬದಲು ಗ್ರಾಂ ಹೆಚ್ಚಿಸ್ತೀವಿ ಅಂತ ಕಂಪನಿಗಳು ಹೇಳಿದ್ವು. ಹೆಚ್ಚಿಸಿದ್ರಾ ಇಲ್ವಾ ಅಂತ ತಿಳಿಯೋಕೆ ಹಳೇ ಪ್ಯಾಕೆಟ್ಟಿನ ಗ್ರಾಂ ನಿಮಗೆ ನೆನಪಿರಬೇಕು.

ಕೊನೆಯದು ಬಿಲ್. ಮಿಸ್ಟರಿ ಶಾಪರ್‌ಗೆ ಅದು ಸಂಬಳದ ಚೀಟಿ, ನಮಗೆ ಸಾಕ್ಷಿ. ಆದರೆ ಸಣ್ಣ ಅಂಗಡಿಯಲ್ಲಿ ಬಿಲ್ ಕೇಳಿದ್ರೆ ಮುಖ ಬಾಡತ್ತೆ. ಅದಕ್ಕೂ ಕಾರಣ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಯವರು ಕಂಗಾಲಾದ್ರು, ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ರು. ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿಗಳೇ ಭರವಸೆ ಕೊಡಬೇಕಾಯ್ತು. ಸರಕು ಮಾತ್ರ ಮಾರೋರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟೋ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಇದ್ದವರೂ 200 ರೂಪಾಯಿ ಒಳಗಿನ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ರೆ, ತೆರಿಗೆ ಬಿಲ್ ಕೊಡದೇ ಇರಬಹುದು. ಕೇಳಿದ್ರೆ ಕೊಡಬೇಕು. ಹಾಗಾಗಿ ಕೇಳಿ, ಜಗಳದ ಧ್ವನಿಯಲ್ಲಿ ಬೇಡ. ಎಂಆರ್‌ಪಿ ಮೀರಿ ತಗೊಂಡ್ರೆ 1915 ಗ್ರಾಹಕ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಪ್ಯಾಕೆಟ್ ಫೋಟೋ, ಯುಪಿಐ ರಸೀದಿ ಇಟ್ಟುಕೊಂಡಿರಿ.

ಇದನ್ನೆಲ್ಲ ಆ ವೀಕ್ಷಕಿಗೆ ಹೇಳಿದ್ದೆ. ಹದಿನೈದು ದಿನ ಬಿಟ್ಟು ಮತ್ತೆ ಫೋನ್ ಬಂತು. ಹಾಲು, ಬ್ರೆಡ್ಡು, ಸೋಪು ತಗೊಂಡ್ರಂತೆ, 97 ರೂಪಾಯಿ, ಬಿಲ್ ಸಿಕ್ತು. ಹಾಲಿಗೆ ಒಂದು ರೂಪಾಯಿ ಹೆಚ್ಚು ಹಾಕಿದ್ರು. "ವರದೀಲಿ ಬರೆದ್ರಾ?" ಅಂದೆ.

"ಅದಕ್ಕೆ ಜಾಗ ಇರಲಿಲ್ಲ ಸಾರ್. ನಗುಮುಖ ಇತ್ತಾ ಅಂತ ಒಂದು ಕಾಲಂ, ಥ್ಯಾಂಕ್ಸ್ ಹೇಳಿದ್ರಾ ಅಂತ ಇನ್ನೊಂದು. ಎರಡಕ್ಕೂ ಹೌದು ಅಂತ ಹಾಕಿದೆ, ಪಾಪ ಹುಡುಗ ಒಳ್ಳೆಯವನೇ. ಕೆಳಗೆ 'ಇತರೆ' ಅಂತ ಒಂದು ಗೆರೆ ಇತ್ತಲ್ಲ, ಅಲ್ಲಿ ಬರೆದೆ."

ಏಜೆನ್ಸಿಯವರು ಅದನ್ನ ಓದಿದ್ರೋ ಇಲ್ವೋ, ಇನ್ನೂ ಏನೂ ಹೇಳಿಲ್ಲ. 97 ರೂಪಾಯಿ ಮಾತ್ರ ಅವರ ಖಾತೆಗೆ ಬಂದಿದೆ.