ಪಕ್ಕದಲ್ಲೇ ಇದ್ದ ಕಂಠ, ಪತ್ತೆಯಾಗಲು ಇಪ್ಪತ್ತು ವರ್ಷ!

ಮಹಾಲಕ್ಷ್ಮಿ ಲೇಔಟಿನವರಿಗೆ ಅಣ್ಣಾವ್ರು ಈಗ ನೆರೆಯವರು. ಬೆಂಗಳೂರಿನ ಅಂಗಡಿಗಳು ಬಾಗಿಲೆಳೆದು, ಬಸ್ಸುಗಳು ನಿಂತು, ಗಲಭೆಯಲ್ಲಿ ಜೀವಗಳೂ ಹೋದ ಆ ಹೊತ್ತಿನಲ್ಲಿ, 2006ರ ಏಪ್ರಿಲ್ 13ರಂದು, ಡಾ. ರಾಜ್‌ಕುಮಾರ್ ಬಡಾವಣೆಯ ಮಗ್ಗುಲ ಕಂಠೀರವ ಸ್ಟುಡಿಯೋದ ಮಣ್ಣು ಸೇರಿದರು. ಏಪ್ರಿಲ್ 12 ಪುಣ್ಯತಿಥಿ, 24 ಹುಟ್ಟುಹಬ್ಬ. ಆ ಎರಡೂ ದಿನ ರಿಂಗ್ ರೋಡಿನಲ್ಲಿ ಬಸ್ಸಿಳಿದ ಜನ ಸಾಲುಗಟ್ಟಿ ಸಮಾಧಿ ಕಡೆ ನಡೀತಾರೆ. ಕೈ ಮುಗಿಯೋದು ನಟನಿಗೆ. ಬಾಯಲ್ಲಿ ಗುನುಗೋದು ಮಾತ್ರ ಆತನ ಹಾಡು!

ಆದರೆ ಈ ಕಂಠ ಚಿತ್ರರಂಗಕ್ಕೆ ಸರಿಯಾಗಿ ಪತ್ತೆಯಾದದ್ದು ಯಾವಾಗ? ನಾಯಕನಾಗಿ ಮೊದಲ ಚಿತ್ರ 'ಬೇಡರ ಕಣ್ಣಪ್ಪ' ಬಂದದ್ದು 1954ರಲ್ಲಿ. ಗಾಯಕನೆಂದು ನಾಡು ಒಪ್ಪಿಕೊಂಡದ್ದು 1974ರಲ್ಲಿ!

ಕಂಪನಿ ಗಂಟಲು

ಗಂಟಲೇನೂ ಹೊಸದಲ್ಲ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಮುತ್ತುರಾಜ್ ಪಳಗಿದ್ದೂ ಅದೇ ಗರಡಿಯಲ್ಲಿ. ಹಾಡಲು ಬಾರದವನಿಗೆ ಕಂಪನಿ ನಾಟಕದಲ್ಲಿ ದೊಡ್ಡ ಪಾತ್ರ ಸಿಗೋದು ಕಷ್ಟ. ಹಾರ್ಮೋನಿಯಂ ಶ್ರುತಿ ಹಿಡಿದು, ಕಟ್ಟಕಡೆಯ ಸಾಲಿನ ಪ್ರೇಕ್ಷಕನಿಗೂ ಒಂದೊಂದು ಅಕ್ಷರ ತಲುಪುವಂತೆ ಹಾಡಬೇಕು.

ಸಿನಿಮಾಕ್ಕೆ ಅದು ಬೇಕಾಗಲಿಲ್ಲ. ಅಲ್ಲಿ ಪಿ.ಬಿ. ಶ್ರೀನಿವಾಸ್ ಇದ್ದರು. 1960ರ 'ಭಕ್ತ ಕನಕದಾಸ'ದ ನಂತರವಂತೂ ರಾಜ್ ತುಟಿ, ಪಿಬಿಎಸ್ ಕಂಠ ಬೇರೆ ಬೇರೆ ಅಂತ ಅನ್ನಿಸುತ್ತಲೇ ಇರಲಿಲ್ಲ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರ ಜೊತೆ ರಾಜ್ ಒಂದು ಯುಗಳಗೀತೆ ಹಾಡಿದ್ದುಂಟು. ಅದು ಅಲ್ಲಿಗೇ ನಿಂತಿತು.

ಎಮ್ಮೆ ಬೆನ್ನ ಮೇಲೆ

1974ರಲ್ಲಿ ಬಂತು 'ಸಂಪತ್ತಿಗೆ ಸವಾಲ್'. ಧುತ್ತರಗಿಯವರ ನಾಟಕದ ಚಿತ್ರರೂಪ, ಸಂಗೀತ ಜಿ.ಕೆ. ವೆಂಕಟೇಶ್. ರೆಕಾರ್ಡಿಂಗ್ ವೇಳೆಗೆ ಪಿಬಿಎಸ್ ಗಂಟಲು ಕೈಕೊಟ್ಟಿತ್ತು ಅನ್ನೋದು ಚಿತ್ರರಂಗದಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ವೆಂಕಟೇಶ್ ರಾಜ್ ಕೈಲೇ ಹಾಡಿಸಿಬಿಟ್ಟರು. ನಾಯಕ ಎಮ್ಮೆ ಮೇಲೆ ಕೂತು ಹಾಡುವ ಆ ಹಾಡು ಗೊತ್ತಿಲ್ಲದ ಕನ್ನಡಿಗ ಯಾರು? ಆಗ ರಾಜ್‌ಗೆ ಹೆಚ್ಚುಕಮ್ಮಿ 45. ನೌಕರಿಯಲ್ಲಿರುವವರು ಪಿಂಚಣಿ ಲೆಕ್ಕ ಶುರು ಮಾಡುವ ವಯಸ್ಸು!

ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ

ಮುಂದಿನದು ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುವ ಲೆಕ್ಕ. ಒಂದು ಅಂಗಡಿಗೆ ಗಿರಾಕಿ ಹೆಚ್ಚಾದರೆ ಪಕ್ಕದ್ದಕ್ಕೆ ಕಡಿಮೆ. ರಾಜ್ ತಮ್ಮ ಹಾಡು ತಾವೇ ಹಾಡತೊಡಗಿದ ಮೇಲೆ ಪಿಬಿಎಸ್‌ಗೆ ಕನ್ನಡದಲ್ಲಿ ಹಾಡು ಕಡಿಮೆಯಾದವು. ಇದನ್ನು ಮುಚ್ಚಿಡಬೇಕಾಗಿಲ್ಲ. ಹಾಗಂತ ರಾಜ್ ಋಣ ಮರೆಯಲಿಲ್ಲ. ಶರೀರ ತಮ್ಮದಾದರೆ ಶಾರೀರ ಶ್ರೀನಿವಾಸ್ ಅವರದು ಎಂದು ಹೇಳಿಕೊಳ್ಳುತ್ತಿದ್ದರು.

1977ರ 'ಬಭ್ರುವಾಹನ' ನೋಡಿದವರಿಗೆ ನೆನಪಿದ್ದೀತು. ಅರ್ಜುನನೂ ರಾಜ್, ಮಗ ಬಭ್ರುವಾಹನನೂ ರಾಜ್. ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲೇ ಜಿದ್ದಿಗೆ ಬೀಳುತ್ತಾರೆ. ಅರ್ಜುನನಿಗೆ ಪಿಬಿಎಸ್ ಕಂಠ, ಬಭ್ರುವಾಹನನಿಗೆ ರಾಜ್‌ದೇ ಕಂಠ. ಒಂದೇ ಮುಖದಿಂದ ಎರಡು ಕಾಲದ ದನಿ! ಯಾರು ಗೆದ್ದರು ಅಂತ ಕೇಳಿದರೆ ಇವತ್ತಿಗೂ ಉತ್ತರ ಹೇಳೋದು ಕಷ್ಟ.

1993ರ 'ಮುದ್ದಿನ ಮಾವ'ದಲ್ಲಂತೂ ತಮಾಷೆಯೇ ಆಯಿತು. ತೆರೆಯ ಮೇಲೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಅವರಿಗೆ ಹಿನ್ನೆಲೆ ದನಿ ರಾಜ್‌ಕುಮಾರ್!

ಏನಿದೆ ಆ ದನಿಯಲ್ಲಿ?

ಕಛೇರಿ ವಿದ್ವಾಂಸರ ಕಸರತ್ತು ಅಲ್ಲಿಲ್ಲ. ಪದ ನುಂಗೋದಿಲ್ಲ, ರಾಗದ ಭರದಲ್ಲಿ ಅಕ್ಷರ ಕಳೆಯೋದಿಲ್ಲ. ಸಂತೋಷವಾದರೆ ಸಂತೋಷ, ಸಂಕಟವಾದರೆ ಸಂಕಟ, ಮನೆಯವರೇ ಪಕ್ಕ ಕೂತು ಹೇಳಿದ ಹಾಗೆ. ಗುರುವಾರ ಬೆಳಗ್ಗೆ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುವಾಗ ಆ ಕಂಠದಲ್ಲಿ ರಾಯರ ಹಾಡು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ರೇಡಿಯೋದಲ್ಲಿ ಬಂತೋ, ಶಟರ್ ಅರ್ಧಕ್ಕೇ ನಿಲ್ಲುತ್ತದೆ.

1992ರ 'ಜೀವನ ಚೈತ್ರ'ದ 'ನಾದಮಯ' ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಆಗ ರಾಜ್‌ಗೆ 60 ದಾಟಿತ್ತು. ಉಪೇಂದ್ರ ಕುಮಾರ್ ಅವರ ಸಂಗೀತ. 200ಕ್ಕೂ ಹೆಚ್ಚು ಚಿತ್ರಗಳ ನಟನಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಒಮ್ಮೆಯೂ ಸಿಗಲಿಲ್ಲ. ಸಿಕ್ಕಿದ್ದು, ಇಪ್ಪತ್ತು ವರ್ಷ ಯಾರಿಗೂ ಬೇಡವಾಗಿದ್ದ ಆ ಗಂಟಲಿಗೆ!

ಸ್ಟುಡಿಯೋದ ಆ ಮಣ್ಣಿನಲ್ಲಿ ಈಗ ಪತ್ನಿ ಪಾರ್ವತಮ್ಮನವರೂ, 2021ರಲ್ಲಿ ತೀರಿಕೊಂಡ ಮಗ ಪುನೀತ್ ಕೂಡ ಮಲಗಿದ್ದಾರೆ. ಪುನೀತ್ ಬಾಲನಟನಾಗಿದ್ದಾಗಲೇ ತಮ್ಮ ಹಾಡು ತಾವೇ ಹಾಡಿದವರು. ಅಪ್ಪನಿಗೆ 45ಕ್ಕೆ ತೆರೆದ ಬಾಗಿಲು ಮಗನಿಗೆ ಎಳವೆಯಲ್ಲೇ ತೆರೆದಿತ್ತು.

ಲೇಔಟಿನ ಯಾವುದೋ ಅಂಗಡಿಯಲ್ಲಿ ತಕ್ಕಡಿ ತೂಗುತ್ತಾ ಗುನುಗುವ ಹುಡುಗ ಕಂಡರೆ 'ಸುಮ್ನಿರೋ' ಅನ್ನುವ ಮುಂಚೆ ಒಂದು ನಿಮಿಷ ಕೇಳಿ. ಯಾರಿಗೆ ಗೊತ್ತು!