ದೆಹಲಿಗೆ ಎಷ್ಟು ಹೊತ್ತು?

ಬೆಂಗಳೂರಿನಿಂದ ದೆಹಲಿಗೆ ಸುಮಾರು ಎರಡೂಮುಕ್ಕಾಲು ಗಂಟೆ ಎಂದು ವಿಮಾನದ ಟಿಕೆಟ್ ಹೇಳುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯವರು ಬಸ್ ಹತ್ತಿ ಚಿಂತಾಮಣಿ, ಶಿಡ್ಲಘಟ್ಟ, ವಿಜಯಪುರ ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ.

ಮೊದಲು ದೂರದ ಮಾತು. ಗೌನಿಪಲ್ಲಿ ಇರುವುದು ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶ, 78.2 ಡಿಗ್ರಿ ಪೂರ್ವ ರೇಖಾಂಶದಲ್ಲಿ. ವಿಮಾನ ನಿಲ್ದಾಣ 13.2, 77.7ರಲ್ಲಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ 111 ಕಿ.ಮೀ. ರೇಖಾಂಶದ ಒಂದು ಡಿಗ್ರಿ ನಮ್ಮ ಭಾಗದಲ್ಲಿ 108 ಕಿ.ಮೀ. ಅಂದರೆ ದಕ್ಷಿಣಕ್ಕೆ 33, ಪಶ್ಚಿಮಕ್ಕೆ 54. ಶಾಲೆಯಲ್ಲಿ ಕಲಿತ ಪೈಥಾಗೊರಸನ ಸೂತ್ರ ಹಾಕಿದರೆ ನೇರ ದೂರ ಸುಮಾರು 63 ಕಿ.ಮೀ. ಊರೂರು ಸುತ್ತಿ ಬರುವ ರಸ್ತೆ ಇದಕ್ಕಿಂತ ಸಾಕಷ್ಟು ಉದ್ದ. ದೆಹಲಿಯದೂ ಇದೇ ಕಥೆ: ಆಕಾಶದಲ್ಲಿ 1,700 ಕಿ.ಮೀ., ರಸ್ತೆಯಲ್ಲಿ 2,100 ಕಿ.ಮೀ.ಗೂ ಹೆಚ್ಚು.

ದೂರ ಹೆಚ್ಚಾದಂತೆ ಈ ಸೂತ್ರ ಕೈಕೊಡುತ್ತದೆ, ಭೂಮಿ ದುಂಡಗಿದೆಯಲ್ಲ! ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಂತರವಿದೆ. ಶಾಲೆಯ ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದು ನೋಡಿ, ಅದು ಉತ್ತರ ಧ್ರುವದ ಕಡೆಗೆ ಬಾಗಿ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ತಂದಿಳಿಸಿತು. ಸುಮಾರು 14,000 ಕಿ.ಮೀ. ದೂರವನ್ನು ಎಲ್ಲೂ ಇಳಿಯದೆ ಕ್ರಮಿಸಿದ ಆ ಸಾಹಸ ನೆನಪಿಡಬೇಕಾದದ್ದು.

ಇನ್ನು ಸಮಯ. ಬೆಂಗಳೂರಿನಿಂದ ಚೆನ್ನೈ ನೇರ ದೂರದಲ್ಲಿ 270 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್‌ಗೆ ಅದು ಇಪ್ಪತ್ತು ನಿಮಿಷದ ಹಾದಿ. ಟಿಕೆಟ್‌ನಲ್ಲಿ ಮಾತ್ರ ಸುಮಾರು ಒಂದು ಗಂಟೆ! ವಿಮಾನ ನಿಂತ ಜಾಗ ಬಿಟ್ಟ ಕ್ಷಣದಿಂದ ಆ ಕಡೆ ಹೋಗಿ ನಿಲ್ಲುವವರೆಗಿನ ಹೊತ್ತೆಲ್ಲ ಅದರಲ್ಲಿ ಸೇರಿದೆ: ರನ್‌ವೇವರೆಗಿನ ಓಟ, ಸರದಿಯ ಕಾಯುವಿಕೆ, ಏರುವುದು, ನಿಧಾನವಾಗಿ ಇಳಿಯುವುದು. ದೂರ ಕಡಿಮೆಯಾದಷ್ಟೂ ಇವುಗಳ ಪಾಲು ಹೆಚ್ಚು.

ಗಾಳಿಯ ಪಾಲೂ ಉಂಟು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರುಗಾಳಿ ಎದುರಾಗುವುದರಿಂದ ಲಂಡನ್‌ಗೆ ಹೋಗಲು ಹೆಚ್ಚು ಹೊತ್ತು, ಬರಲು ಕಡಿಮೆ.

ಬೆಳಿಗ್ಗೆ ಹತ್ತಕ್ಕೆ ದೆಹಲಿ ವಿಮಾನವಿದ್ದರೆ ಎಂಟಕ್ಕೆ ನಿಲ್ದಾಣದಲ್ಲಿರಬೇಕು, ಗೌನಿಪಲ್ಲಿಯನ್ನು ಐದಕ್ಕೇ ಬಿಡಬೇಕು. ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ, ಅಂದರೆ 12.45ಕ್ಕೆ, ದೆಹಲಿ. ಒಟ್ಟು ಏಳೂಮುಕ್ಕಾಲು ಗಂಟೆ. ಹಾರಾಟದ ಪಾಲು ಅದರಲ್ಲಿ ಮೂರು ಗಂಟೆಗೂ ಕಡಿಮೆ.